ಬೈಯೂದು ನಾಳೆ, ಮೊದ್ಲ ಜೀವ: ಉತ್ತೇಜಕಗಳ ಬಗ್ಗೆ ನಾವು ತಡವಾಗಿ ಕಲಿತ ಪಾಠ

ಮೇ ತಿಂಗಳ ಕೊನೆಯ ವಾರ. ಹಳೇ ಹುಬ್ಬಳ್ಳಿಯಲ್ಲಿ ನಾವು ನಾಲ್ವರು ಬಾಡಿಗೆಗೆ ಇದ್ದ ಮಾಳಿಗೆ ಮೇಲಿನ ಖೋಲಿ. ಮೇಲೆ ತಗಡು. ಹಗಲೆಲ್ಲ ಕಾದ ತಗಡು ರಾತ್ರಿ ಎರಡು ಹೊಡೆದರೂ ಆರುತ್ತಿರಲಿಲ್ಲ. ಪರೀಕ್ಷೆಗೆ ಎರಡೇ ದಿನ ಬಾಕಿ. ನಮ್ಮಲ್ಲೊಬ್ಬ ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಯಾರೋ ಪರಿಚಯದವರು ಕೊಟ್ಟ "ಓದೋ ಗುಳಿಗಿ", ಅದರ ಮೇಲೆ ಎನರ್ಜಿ ಡ್ರಿಂಕ್. ಎರಡನೇ ರಾತ್ರಿ "ಯಾಕೋ ಹಿಡೀವಲ್ದು" ಅಂತ ಮತ್ತೊಂದು ಗುಳಿಗಿ.

ಎರಡು ಗಂಟೆ ಸುಮಾರಿಗೆ ಅವನು ಖೋಲಿಯೊಳಗೇ ಅತ್ತಿಂದಿತ್ತ ಓಡಾಡತೊಡಗಿದ. ಹಲ್ಲು ಕಟಕಟ ಕಡಿಯುತ್ತಿದ್ದ. ಕೆಳಗೆ ಯಾರೋ ನಿಂತು ತನ್ನ ವಿಡಿಯೋ ಮಾಡ್ತಿದ್ದಾರೆ ಅಂದ. ಕೈ ಮುಟ್ಟಿ ನೋಡಿದರೆ ಹಂಚಿನಂತೆ ಸುಡುತ್ತಿತ್ತು.

ಉಳಿದ ಮೂವರು ಏನು ಮಾಡಿದೆವು? ವಾದ ಮಾಡಿದೆವು. "ಆಸ್ಪತ್ರೆಗೆ ಒಯ್ದ್ರ ಪೊಲೀಸ್ ಕೇಸ್ ಆಗತೈತಿ." "ಕಾಲೇಜಿಗೆ ಗೊತ್ತಾದ್ರ ಮುಗೀತು." "ಅವರಪ್ಪಗ ಏನಂತ ಫೋನ್ ಮಾಡೂದು?" "ಲಿಂಬಿಹಣ್ಣಿನ ಪಾನಕ ಕೊಟ್ಟ್ ನೋಡೂಣು, ಇಳೀತೈತಿ." ನಲವತ್ತು ನಿಮಿಷ ಹೀಗೇ ಹೋಯಿತು.

ಗದ್ದಲ ಕೇಳಿ ಮನೆ ಮಾಲಕರ ತಾಯಿ ಮೆಟ್ಟಿಲು ಹತ್ತಿ ಬಂದರು. ನಾವೆಲ್ಲ ಅವರನ್ನು ಆಯಿ ಅಂತೀವಿ. ಬಾಗಿಲಲ್ಲಿ ನಿಂತು ಒಮ್ಮೆ ಅವನನ್ನು, ಒಮ್ಮೆ ನಮ್ಮನ್ನು ನೋಡಿದರು. ಏನು ತಗೊಂಡಾನ, ಯಾರು ಕೊಟ್ರು, ಒಂದೂ ಕೇಳಲಿಲ್ಲ. "ಯಾಕ್ರೋ ಹಂಗ ನಿಂತೀರಿ? ಮೊದ್ಲ ಗಾಡಿ ಕರೀರಿ. ಬೈಯೂದು ನಾಳೆ ಬೈತೀನಿ" ಅಂದರು.

ಅವನು ಬದುಕಿದ. ಈಗ ಆರಾಮ ಇದ್ದಾನೆ. ಈ ಲೇಖನವನ್ನು ಮೊದಲು ಓದಿ "ಹಾಕ್ರಿ" ಅಂದವನೂ ಅವನೇ. ಆಮೇಲೆ ನಾವು ವೈದ್ಯರನ್ನು ಕೇಳಿ, ಪುಸ್ತಕ ತಿರುವಿ, ಕಾಯ್ದೆ ಓದಿ ತಿಳಿದುಕೊಂಡದ್ದೇನೆಂದರೆ, ಆಯಿ ಒಂದೇ ಮಾತಿನಲ್ಲಿ ಹೇಳಿದ್ದಕ್ಕೆ ಜಗತ್ತಿನ ಆರೋಗ್ಯ ಕ್ಷೇತ್ರದಲ್ಲಿ ಒಂದು ಹೆಸರಿದೆ: ಹಾನಿ ತಗ್ಗಿಸುವಿಕೆ. ವ್ಯಕ್ತಿ ಚಟ ಬಿಡಲಿ, ಬಿಡದಿರಲಿ, ಮೊದಲು ಅವನು ಜೀವಂತ ಇರಬೇಕು, ನಮ್ಮ ಜೊತೆ ಮಾತು ಬಿಡದಂತಿರಬೇಕು. ಉಳಿದದ್ದೆಲ್ಲ ಅದರ ನಂತರ.

೧. ಉತ್ತೇಜಕ ಅಂದ್ರೇನು?

ಮೆದುಳು ಮತ್ತು ನರಮಂಡಲದ ವೇಗ ಹೆಚ್ಚಿಸುವ ವಸ್ತುಗಳೆಲ್ಲ ಉತ್ತೇಜಕಗಳೇ. ಚಹಾ, ಕಾಫಿಯ ಕೆಫೀನ್, ತಂಬಾಕಿನ ನಿಕೋಟಿನ್‌ನಿಂದ ಹಿಡಿದು ಆಂಫೆಟಮೈನ್, ಮೆಥಾಂಫೆಟಮೈನ್, ಕೊಕೇನ್, ಎಂಡಿಎಂಎವರೆಗೆ ಎಲ್ಲವೂ ಈ ಕುಟುಂಬದವು. ಏಕಾಗ್ರತೆಯ ತೊಂದರೆ ಇರುವವರಿಗೆ ವೈದ್ಯರು ಬರೆದುಕೊಡುವ ಮೀಥೈಲ್‌ಫೆನಿಡೇಟ್ ಕೂಡ ಇದೇ ಸಾಲಿನದು. ವೈದ್ಯರ ಚೀಟಿಯ ಮೇಲೆ, ಅವರ ನಿಗಾದಲ್ಲಿ ತೆಗೆದುಕೊಳ್ಳುವವರಿಗೆ ಅದು ಔಷಧ. ಅಂಥವರು ಇದನ್ನು ಓದಿ ಗಾಬರಿಯಾಗಿ ಗುಳಿಗೆ ನಿಲ್ಲಿಸಬೇಡಿ. ಅದೇ ಗುಳಿಗೆ ಚೀಟಿ ಇಲ್ಲದೆ ಕೈಯಿಂದ ಕೈಗೆ ದಾಟಿದಾಗ ಕಥೆ ಬೇರೆ.

ನಮ್ಮೂರಿಗೆ ಇದೇನೂ ಹೊಸದಲ್ಲ. ರಾತ್ರಿಯಿಡೀ ಲಾರಿ ಓಡಿಸುವವರು ನಿದ್ದೆ ತಡೆಯಲು ಬಾಯಿಗೆ ಹಾಕಿಕೊಳ್ಳುವುದನ್ನು ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ನಾವೆಲ್ಲ ನೋಡಿದ್ದೇವೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಲಾಯಿತು. ಆಮೇಲೆ ಪಾನ್ ಮಸಾಲಾದ ಚೀಟು ಒಂದು, ತಂಬಾಕಿನ ಚೀಟು ಇನ್ನೊಂದು ಆಯಿತು. ಎರಡನ್ನೂ ಕೂಡಿಸಿ ತಿನ್ನುವ ಕೈ ಮಾತ್ರ ಹಾಗೇ ಉಳಿಯಿತು. ನಿಷೇಧ ಬೇಡ ಅಂತ ನಾವು ಹೇಳುತ್ತಿಲ್ಲ. ನಿಷೇಧದ ನಂತರವೂ ಬಳಸುವ ಮನುಷ್ಯ ಉಳಿದೇ ಇರುತ್ತಾನೆ, ಅವನ ಸುರಕ್ಷತೆಯ ಪ್ರಶ್ನೆಯೂ ಉಳಿದಿರುತ್ತದೆ ಅನ್ನುವುದಷ್ಟೇ ಮಾತು.

ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಆಂಫೆಟಮೈನ್ ಮಾದರಿಯ ಉತ್ತೇಜಕ ಬಳಸುವವರು ಶೇ. 0.18, ಕೊಕೇನ್ ಬಳಸುವವರು ಶೇ. 0.10. ಮದ್ಯ ಶೇ. 14.6. ಅಂದರೆ "ಎಲ್ಲಾರೂ ತಗೋತಾರ" ಅನ್ನೋ ಮಾತು ಸುಳ್ಳು. ಆದರೆ ಪ್ರಮಾಣ ಸಣ್ಣದು ಅಂತ ಒಂದು ಖೋಲಿಯೊಳಗಿನ ಅಪಾಯ ಸಣ್ಣದಾಗುವುದಿಲ್ಲ.

೨. ಮೈಯೊಳಗೆ ಏನಾಗುತ್ತದೆ?

ಎಂಜಿನಿಯರಿಂಗ್ ಓದುವವರಿಗೆ ಇದು ಬೇಗ ತಿಳಿಯುವ ವಿಷಯ. ಲೋಡ್ ಏರುತ್ತದೆ, ಕೂಲಿಂಗ್ ಇಳಿಯುತ್ತದೆ. ಅಷ್ಟೇ.

ಉತ್ತೇಜಕಗಳು ಡೋಪಮೈನ್, ನಾರ್‌ಅಡ್ರಿನಾಲಿನ್, ಸೆರೊಟೋನಿನ್ ಎಂಬ ನರವಾಹಕಗಳನ್ನು ಹೆಚ್ಚಿಸುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಮೈಯೊಳಗೆ ಶಾಖ ಹೆಚ್ಚು ಹುಟ್ಟುತ್ತದೆ. ಅದೇ ಹೊತ್ತಿಗೆ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ಶಾಖ ಹೊರಹೋಗುವ ದಾರಿ ಕಿರಿದಾಗುತ್ತದೆ. ಹಸಿವು, ಬಾಯಾರಿಕೆ, ದಣಿವು ಗೊತ್ತಾಗುವುದಿಲ್ಲ. ಅಂದರೆ ಎಚ್ಚರಿಸುವ ಸೆನ್ಸರ್‌ಗಳೇ ಬಂದ್. ಮೈಯ ತಾಪ 40 ಡಿಗ್ರಿ ದಾಟಿತೆಂದರೆ ಅದು ತುರ್ತು ಸ್ಥಿತಿ. ಇನ್ನೂ ಏರಿದರೆ ಸ್ನಾಯುಗಳು ಒಡೆಯತೊಡಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಇಲ್ಲಿ ನಾವೆಲ್ಲ ಮಾಡುವ ಒಂದು ತಪ್ಪು: "ಮೈ ಸುಡಾಕತ್ತೈತಿ, ಪ್ಯಾರಸಿಟಮಾಲ್ ಕೊಡು." ಜ್ವರದಲ್ಲಿ ಮೆದುಳು ತಾನೇ ತಾಪದ ಸೆಟ್ ಪಾಯಿಂಟ್ ಏರಿಸಿರುತ್ತದೆ. ಪ್ಯಾರಸಿಟಮಾಲ್ ಅದನ್ನು ಇಳಿಸುತ್ತದೆ. ಉತ್ತೇಜಕದ ತಾಪದಲ್ಲಿ ಸೆಟ್ ಪಾಯಿಂಟ್ ಏರಿರುವುದಿಲ್ಲ, ಶಾಖ ಹುಟ್ಟುವುದು ಹೊರಹೋಗುವುದಕ್ಕಿಂತ ಹೆಚ್ಚಾಗಿರುತ್ತದೆ. ಅದಕ್ಕೆ ಗುಳಿಗೆ ಕೆಲಸ ಮಾಡುವುದಿಲ್ಲ. ಹೊರಗಿನಿಂದ ತಣಿಸುವುದೊಂದೇ ದಾರಿ.

ನೀರಿನ ವಿಷಯದಲ್ಲೂ ಎಚ್ಚರ ಬೇಕು. 1995ರಲ್ಲಿ ಇಂಗ್ಲೆಂಡಿನಲ್ಲಿ 18ರ ಯುವತಿಯೊಬ್ಬಳು ಎಂಡಿಎಂಎ ಗುಳಿಗೆ ನುಂಗಿ, ಒಂದೂವರೆ ಗಂಟೆಯಲ್ಲಿ ಸುಮಾರು ಏಳು ಲೀಟರ್ ನೀರು ಕುಡಿದು, ಮೆದುಳು ಊದಿಕೊಂಡು ಸತ್ತಳು. ಎಂಡಿಎಂಎ ದೇಹದಲ್ಲಿ ನೀರು ಹಿಡಿದಿಡುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಮೂತ್ರ ಹೋಗುವುದಿಲ್ಲ, ರಕ್ತದ ಸೋಡಿಯಂ ತೆಳುವಾಗುತ್ತದೆ. ಆದ್ದರಿಂದ ಎಚ್ಚರ ಇರುವವರಿಗೆ ಗುಟುಕು ಗುಟುಕಾಗಿ ನೀರು ಸರಿ, ತಂಬಿಗೆಗಟ್ಟಲೆ ಸುರಿಯುವುದು ತಪ್ಪು.

ಮೂರನೆಯದು ಮನಸ್ಸು. ನಿದ್ದೆಗೇಡಿನ ಮೇಲೆ ಉತ್ತೇಜಕ ಬಿದ್ದರೆ ಸಂಶಯ, ಭ್ರಮೆ ಶುರುವಾಗಬಹುದು. ನಮ್ಮ ಗೆಳೆಯನಿಗೆ ಕಂಡ ವಿಡಿಯೋದವನು ಇದೇ. ಅವನ ಪಾಲಿಗೆ ಅದು ನಾಟಕವಲ್ಲ, ಕಣ್ಣೆದುರಿನ ಸತ್ಯ.

೩. ಸೇಫ್ಟಿ ಕ್ಲಾಸಿನ ಐದು ಮೆಟ್ಟಿಲು

ಕಾರ್ಖಾನೆಯ ಸುರಕ್ಷತೆ ಕಲಿಸುವಾಗ ಅಪಾಯ ನಿಯಂತ್ರಣದ ಐದು ಮೆಟ್ಟಿಲು ಹೇಳುತ್ತಾರೆ: ಅಪಾಯವನ್ನೇ ತೆಗೆದುಹಾಕು, ಆಗದಿದ್ದರೆ ಬದಲಿ ತಾ, ಯಂತ್ರ ಹಾಗೂ ಜಾಗವನ್ನು ಸುರಕ್ಷಿತ ಮಾಡು, ನಿಯಮ ಹಾಕು, ಕೊನೆಗೆ ಹೆಲ್ಮೆಟ್, ಕೈಗವಸು. ಮೇಲಿನ ಮೆಟ್ಟಿಲು ಉತ್ತಮ. ಆದರೆ ಅದೊಂದನ್ನೇ ನಂಬಿ ಕೆಳಗಿನವನ್ನು ಬಿಡುವ ಎಂಜಿನಿಯರ್ ಇಲ್ಲ. ಅಪಘಾತವೇ ಆಗಬಾರದು ಅಂತ ಹೇಳಿ ಎಂಸಿಬಿ ಕೂಡಿಸದೆ ಬಿಡುವುದಿಲ್ಲ. ಎಂಸಿಬಿ ಕೂಡಿಸಿದವನು ಶಾರ್ಟ್ ಸರ್ಕೀಟಿಗೆ ಪ್ರೋತ್ಸಾಹ ಕೊಟ್ಟ ಅಂತ ಯಾರೂ ಅನ್ನುವುದೂ ಇಲ್ಲ. ಇದನ್ನೇ ನಮ್ಮ ವಿಷಯಕ್ಕೆ ಹೊಂದಿಸಿ ನೋಡೋಣ.

ಮೊದಲ ಮೆಟ್ಟಿಲು: ತೆಗೆದುಕೊಳ್ಳದೇ ಇರುವುದು. ಇದಕ್ಕಿಂತ ಸುರಕ್ಷಿತವಾದದ್ದು ಬೇರೆ ಇಲ್ಲ. ಓದಿಗಾಗಿ ಅನ್ನುವವರಿಗೆ ಒಂದು ಲೆಕ್ಕ: ಓದಿದ್ದು ನೆನಪಾಗಿ ಗಟ್ಟಿಗೊಳ್ಳುವುದು ನಿದ್ದೆಯಲ್ಲಿ. 24 ಗಂಟೆ ಎಚ್ಚರವಿದ್ದವನ ಕೈ, ಕಣ್ಣು, ಗಮನ ರಕ್ತದಲ್ಲಿ ಶೇ. 0.1ರಷ್ಟು ಮದ್ಯ ಇರುವವನಂತೆ ಆಗಿರುತ್ತವೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ ಶೇ. 0.03. ರಾತ್ರಿಯಿಡೀ ಓದಿ ಮುಂಜಾನೆ ಬೈಕ್ ಹತ್ತುವವರು ಇದನ್ನು ನೆನಪಿಡಿ.

ಎರಡನೆಯದು ಬದಲಿ. ಹೆರಾಯಿನ್‌ನಂಥ ಅಫೀಮು ವರ್ಗದ ವಸ್ತುಗಳಿಗೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಬದಲಿ ಔಷಧಗಳಿವೆ. ನಮ್ಮ ದೇಶದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಸ್ವತಃ ಈ ಚಿಕಿತ್ಸೆಯನ್ನೂ ಶುದ್ಧ ಸೂಜಿ ಹಂಚುವ ಕೆಲಸವನ್ನೂ ನಡೆಸುತ್ತದೆ. ಹಾನಿ ತಗ್ಗಿಸುವಿಕೆ ಯಾವುದೋ ಪರದೇಶದ ವಿಚಿತ್ರವಲ್ಲ ಅನ್ನಲು ಇದು ಸಾಕ್ಷಿ. ಆದರೆ ಉತ್ತೇಜಕಗಳಿಗೆ ಅಂಥ ಒಪ್ಪಿತ ಬದಲಿ ಔಷಧ ಇಲ್ಲ. ಹಾಗಾಗಿ ಉಳಿದ ಮೆಟ್ಟಿಲುಗಳ ಮೇಲೆ ಭಾರ ಹೆಚ್ಚು.

ಮೂರನೆಯದು ಜಾಗ. ತಗಡಿನ ಖೋಲಿ, ಮುಚ್ಚಿದ ಕಿಟಕಿ, ಮೇ ತಿಂಗಳ ಸೆಕೆ, ಇವೇ ಅರ್ಧ ಅಪಾಯ. ಗಾಳಿ ಆಡುವ ತಂಪು ಜಾಗ, ಒಳಗಿಂದ ಚಿಲಕ ಹಾಕದ ಬಾಗಿಲು, ಕೈಗೆ ಸಿಗುವ ಫೋನ್ ಮತ್ತು ನೀರು ಜೀವ ಉಳಿಸಬಲ್ಲವು.

ನಾಲ್ಕನೆಯದು ನಿಯಮ. ಯಾರೇ ಆಗಲಿ ಒಬ್ಬರೇ ಇರಬಾರದು, ಏನೂ ತೆಗೆದುಕೊಳ್ಳದ ಒಬ್ಬರು ಜೊತೆಗಿರಬೇಕು. ಒಂದರ ಮೇಲೊಂದು ಬೆರೆಸಬಾರದು. ಮದ್ಯ ಬೆರೆತರೆ ನಶೆ ಎಷ್ಟಾಗಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಉತ್ತೇಜಕ ಇಳಿದ ಮೇಲೆ ಮದ್ಯ ಒಮ್ಮೆಲೇ ಉಸಿರಾಟವನ್ನು ಹಿಡಿಯುತ್ತದೆ. ಕೊಕೇನ್ ಮತ್ತು ಮದ್ಯ ಕೂಡಿದರೆ ಯಕೃತ್ತಿನಲ್ಲಿ ಕೊಕಾಎಥಿಲೀನ್ ಎಂಬ ಮೂರನೇ ವಸ್ತು ಹುಟ್ಟಿ ಹೃದಯಕ್ಕೆ ಇನ್ನಷ್ಟು ಭಾರ. ಟ್ರಮಡಾಲ್ ನೋವಿನ ಗುಳಿಗೆ ಕೂಡಿದರೆ ಫಿಟ್ಸ್ ಬರುವ ಅಪಾಯ. ಖಿನ್ನತೆಯ ಕೆಲವು ಔಷಧ ಕೂಡಿದರೆ ಸೆರೊಟೋನಿನ್ ಮಿತಿಮೀರುತ್ತದೆ. ಎನರ್ಜಿ ಡ್ರಿಂಕ್‌ನ ಕೆಫೀನ್‌ಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಾಕಿದ ಗರಿಷ್ಠ ಮಿತಿ ಲೀಟರಿಗೆ 300 ಮಿ.ಗ್ರಾಂ, ಅಂದರೆ 250 ಮಿ.ಲೀ. ಡಬ್ಬಿಯಲ್ಲಿ 75 ಮಿ.ಗ್ರಾಂವರೆಗೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ ದಾಟಬಾರದು ಅನ್ನುತ್ತಾರೆ. ಆದರೆ ಈ ಲೆಕ್ಕ ಬರೀ ಕೆಫೀನಿನದು. ಜೊತೆಗೆ ಗುಳಿಗೆ ಇದ್ದರೆ ಎರಡೂ ಒಂದೇ ಹೃದಯವನ್ನು ಓಡಿಸುತ್ತಿರುತ್ತವೆ.

ಎಲ್ಲಕ್ಕಿಂತ ದೊಡ್ಡ ಮಾತು: ಹೊರಗೆ ಸಿಗುವ ಗುಳಿಗೆಯಲ್ಲಿ ಏನಿದೆ ಅನ್ನುವುದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1992ರಿಂದಲೇ ಗುಳಿಗೆ ಪರೀಕ್ಷಿಸಿ ಹೇಳುವ ವ್ಯವಸ್ಥೆ ಇದೆ. ನಮ್ಮಲ್ಲಿ ಇಲ್ಲ. "ಹಿಡೀವಲ್ದು" ಅಂತ ಮತ್ತೊಂದು ನುಂಗುವುದು ಇದಕ್ಕೇ ಅಪಾಯ. ಕೆಲವು ವಸ್ತುಗಳು ತಡವಾಗಿ ಏರುತ್ತವೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ.

ಐದನೆಯದು ಹೆಲ್ಮೆಟ್ ಇದ್ದಂತೆ. ಸೂಜಿ ಬಳಸುವವರಿಗೆ ಶುದ್ಧ ಸೂಜಿ, ಮೂಗಿನಿಂದ ಎಳೆಯುವವರು ನಳಿಕೆ ಹಂಚಿಕೊಳ್ಳದಿರುವುದು, ಕಾಂಡೋಮ್. ಎಚ್‌ಐವಿ, ಹೆಪಟೈಟಿಸ್ ಸಿ ತಡೆಯಲು ಇವು ಬೇಕು. ಇಲ್ಲಿಗೆ ಬಂದವರನ್ನು ಕೆಟ್ಟವರು ಅಂತ ದೂಡಿದರೆ ಸೋಂಕು ನಿಲ್ಲುವುದಿಲ್ಲ, ಮಾತು ನಿಲ್ಲುತ್ತದೆ.

೪. ಆ ರಾತ್ರಿ ಏನು ಮಾಡಬೇಕಿತ್ತು?

ಎದೆನೋವು, ಉಸಿರುಕಟ್ಟುವುದು, ಮೈ ಕೆಂಡವಾಗುವುದು, ಬೆವರು ನಿಂತುಹೋಗುವುದು, ಫಿಟ್ಸ್, ತಡೆಯಲಾರದ ತಲೆನೋವು, ಗೊಂದಲ, ಎಬ್ಬಿಸಿದರೂ ಏಳದಿರುವುದು. ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಗಲ್ಲಿಯೊಳಗೆ ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಿ.

ಕಾಯುವಾಗ: ಅಂಗಿ ಬಿಚ್ಚಿ, ಮೈಮೇಲೆ ಹಸಿ ಬಟ್ಟೆ ಹಾಕಿ, ಫ್ಯಾನ್ ಹಚ್ಚಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ದೀಪ ಮಂದ ಮಾಡಿ, ಗದ್ದಲ ಬೇಡ, ಒಬ್ಬರೇ ಮೆಲ್ಲಗೆ ಮಾತಾಡಿ. "ಕೆಳಗ ಯಾರೂ ಇಲ್ಲಲೇ, ಹುಚ್ಚ ಹಿಡದೈತೇನು" ಅಂತ ವಾದಕ್ಕಿಳಿಯಬೇಡಿ. "ನಾವ್ ಇಲ್ಲೇ ಅದೀವಿ, ನಿನಗೇನೂ ಆಗಾಕ ಬಿಡಂಗಿಲ್ಲ" ಅಷ್ಟು ಸಾಕು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ನಿಂತರೆ ಎದೆ ಒತ್ತುವ ಸಿಪಿಆರ್ ಶುರು ಮಾಡಿ.

ಮಾಡಬಾರದ್ದು: ಫಿಟ್ಸ್ ಬಂದಾಗ ಕೈಯಲ್ಲಿ ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯೊಳಗೆ ಚಮಚ ತುರುಕುವುದು. ಮಜ್ಜಿಗೆ, ಲಿಂಬಿಪಾನಕ ಕುಡಿಸಿ "ಇಳೀತೈತಿ" ಅಂತ ಕಾಯುವುದು. ನಿದ್ದೆ ಗುಳಿಗೆ ಕೊಡುವುದು. ನಾಲ್ಕು ಮಂದಿ ಬೋರಲು ಕೆಡವಿ ಮೇಲೆ ಕೂಡುವುದು. ಇದರಿಂದ ಉಸಿರೇ ನಿಲ್ಲಬಹುದು.

ವೈದ್ಯರ ಮುಂದೆ ಸುಳ್ಳು ಹೇಳಬೇಡಿ. ಏನು, ಎಷ್ಟು, ಯಾವಾಗ, ಜೊತೆಗೆ ಏನು, ಅಷ್ಟನ್ನೂ ಹೇಳಿ. ಉಳಿದ ಗುಳಿಗೆಯ ಚೀಟು ಇದ್ದರೆ ತೋರಿಸಿ. "ಊಟ ಹೆಚ್ಚುಕಮ್ಮಿ ಆಗೈತ್ರಿ" ಅಂತ ಶುರು ಮಾಡಿದ ನಾವು ಅಲ್ಲಿಯೂ ಹತ್ತು ನಿಮಿಷ ಕಳೆದೆವು.

೫. ಕಾನೂನಿನ ಭಯ

ನಮ್ಮ ನಲವತ್ತು ನಿಮಿಷ ತಿಂದದ್ದು ಈ ಭಯ. 2024ರಲ್ಲಿ ಹುಬ್ಬಳ್ಳಿ-ಧಾರವಾಡ ಪೊಲೀಸರು ಗಾಂಜಾ ಸೇವನೆಯ ಶಂಕೆಯ ಮೇಲೆ ಅನೇಕರನ್ನು ಕರೆತಂದು ವೈದ್ಯಕೀಯ ಪರೀಕ್ಷೆ ಮಾಡಿಸಿದ್ದು ನೆನಪಿದ್ದವರಿಗೆ ಈ ಭಯ ಇನ್ನೂ ಹೆಚ್ಚು. ಹಾಗಾಗಿ ಕಾಯ್ದೆ ಏನು ಹೇಳುತ್ತದೆ ಅನ್ನುವುದನ್ನು ಉಪ್ಪುಖಾರ ಹಚ್ಚದೆ ಹೇಳುತ್ತೇವೆ.

1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಸೇವನೆಯೂ ಅಪರಾಧ. ವಸ್ತು ಯಾವುದು ಅನ್ನುವುದರ ಮೇಲೆ ಆರು ತಿಂಗಳವರೆಗೆ ಅಥವಾ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗೆಳೆಯನಿಗೆ ತಂದುಕೊಟ್ಟರೆ ಅದು ಬರೀ ಸೇವನೆ ಅಲ್ಲ. ಕಲಂ ಬೇರೆ, ಪ್ರಮಾಣ ಹೆಚ್ಚಿದಂತೆ ಶಿಕ್ಷೆಯೂ ಹೆಚ್ಚು. ಎಂಡಿಎಂಎಗೆ "ಅಲ್ಪ ಪ್ರಮಾಣ" ಅಂದರೆ ಅರ್ಧ ಗ್ರಾಂ ಮಾತ್ರ.

ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ವ್ಯಸನಕ್ಕೊಳಗಾದ ವ್ಯಕ್ತಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ಣಗೊಳಿಸಿದರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ನಡುವೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆ ಅಂತ ಗುರುತಿಸುತ್ತದೆ, ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕನ್ನೂ ಕೊಡುತ್ತದೆ.

ಆಸ್ಪತ್ರೆಯವರು ಎಂಎಲ್‌ಸಿ ಬರೆಯಬಹುದು, ಪೊಲೀಸರಿಗೆ ತಿಳಿಸಲೂಬಹುದು. ಏನೂ ಆಗುವುದಿಲ್ಲ ಅಂತ ನಾವು ಭರವಸೆ ಕೊಡಲಾರೆವು. ರಸ್ತೆ ಅಪಘಾತದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆ ರಕ್ಷಣೆ ಕೊಡುತ್ತದೆ. ನಶೆಯಲ್ಲಿ ಕುಸಿದ ಗೆಳೆಯನನ್ನು ಒಯ್ದವರಿಗೆ ಅಂಥದೇ ಸ್ಪಷ್ಟ ರಕ್ಷಣೆ ಇರಬೇಕಿತ್ತು ಅಂತ ನಮಗನ್ನಿಸುತ್ತದೆ. ಆದರೆ ಎಂಎಲ್‌ಸಿ ಅಂದರೆ ಎಫ್‌ಐಆರ್ ಅಲ್ಲ. ಒಂದು ಕೇಸಿಗೆ ವಕೀಲರು ಸಿಗುತ್ತಾರೆ, ಮುಂದೆ ಬಿದ್ದ ಪೇಪರಿಗೆ ಮತ್ತೊಂದು ಪರೀಕ್ಷೆ ಇರುತ್ತದೆ. ನಿಂತುಹೋದ ಹೃದಯಕ್ಕೆ ಸಪ್ಲಿಮೆಂಟರಿ ಇಲ್ಲ.

೬. ಮರುದಿನ, ಮರುವಾರ

ಉತ್ತೇಜಕ ಇಳಿದ ಮೇಲೆ ಎರಡು ಮೂರು ದಿನ ಮನುಷ್ಯ ಕುಸಿಯುತ್ತಾನೆ. ವಿಪರೀತ ನಿದ್ದೆ, ಹಸಿವು, ಸಿಟ್ಟು, ಎಲ್ಲಾ ಖಾಲಿ ಅನ್ನಿಸುವುದು. ಕೆಲವರಿಗೆ ಸಾಯುವ ವಿಚಾರವೂ ಬರುತ್ತದೆ. ಗೆಳೆಯರು ಹೆಚ್ಚು ಬೇಕಾಗುವುದು ಆಗ. ನಾವೋ ಆಗಲೇ ಮುಖ ತಿರುಗಿಸಿ ಕೂತಿರುತ್ತೇವೆ. ಪಕ್ಕದಲ್ಲಿರಿ, ಮಲಗಲು ಬಿಡಿ, ಊಟ ತಂದುಕೊಡಿ. ನಿದ್ದೆಯಾದ ಮೇಲೂ ಸಂಶಯ, ಭ್ರಮೆ ಉಳಿದಿದ್ದರೆ ಮನೋವೈದ್ಯರ ಬಳಿ ಕರೆದೊಯ್ಯಿರಿ.

ನಮ್ಮೂರಲ್ಲಿ ದೂರವೇನಿಲ್ಲ. ವಿದ್ಯಾನಗರದ ಕಿಮ್ಸ್‌ನಲ್ಲಿ, ಅಂದರೆ ಈಗಿನ ಕೆಎಂಸಿಆರ್‌ಐನಲ್ಲಿ ಮನೋವೈದ್ಯ ವಿಭಾಗ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಚಿಗರಿ ಬಸ್ ಹತ್ತಿದರೆ ಧಾರವಾಡ. ಮಾತಾಡಲು 2022ರಲ್ಲಿ ಶುರುವಾದ ಟೆಲಿ ಮಾನಸ್, ಸಂಖ್ಯೆ 14416, ಹಗಲೂ ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ.

ಉತ್ತೇಜಕದ ಚಟಕ್ಕೆ ಒಂದೇ ಗುಳಿಗೆಯ ಮದ್ದಿಲ್ಲ, ಆದರೆ ಚಿಕಿತ್ಸೆ ಇದೆ. ಯಾವ ಹೊತ್ತು, ಯಾವ ಒತ್ತಡ ತನ್ನನ್ನು ಅತ್ತ ತಳ್ಳುತ್ತದೆ ಅಂತ ಗುರುತಿಸಿ ಬೇರೆ ದಾರಿ ಕಲಿಸುವ ಮಾತಿನ ಚಿಕಿತ್ಸೆ ಒಂದು. ಬಳಸದೇ ಉಳಿದ ಪ್ರತಿ ವಾರಕ್ಕೂ ಸಣ್ಣ ಬಹುಮಾನ ಕೊಡುತ್ತ ಹೋಗುವ ಪದ್ಧತಿ ಇನ್ನೊಂದು. ಉತ್ತೇಜಕಗಳ ಮಟ್ಟಿಗೆ ಹೆಚ್ಚು ಫಲ ಕಂಡದ್ದು ಇದೇ. ಬೈಗುಳಕ್ಕಿಂತ ಬೆನ್ನು ತಟ್ಟುವುದು ಕೆಲಸ ಮಾಡುತ್ತದೆ ಅನ್ನುವುದು ಪ್ರಯೋಗದಲ್ಲೇ ಕಂಡ ಮಾತು.

೭. ಅಭ್ಯಾಸ

ಪಾಠ ಅಂದ ಮೇಲೆ ಹೋಂವರ್ಕ್ ಬೇಕಲ್ಲ. ನಾಲ್ಕೇ ಇವೆ.

ಒಂದು, 108, 112, 14416, 14446 ಈ ನಾಲ್ಕು ಸಂಖ್ಯೆ ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಎರಡು, ಖೋಲಿಯವರೆಲ್ಲ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಮೊದಲು ಫೋನ್, ವಾದ ಆಮೇಲೆ.

ಮೂರು, ಫಿಟ್ಸ್ ಬಂದವರನ್ನು ಪಕ್ಕಕ್ಕೆ ಮಲಗಿಸುವುದು ಮತ್ತು ಸಿಪಿಆರ್ ಕಲಿಯಿರಿ. ಎನ್‌ಎಸ್‌ಎಸ್ ಘಟಕದವರನ್ನು ಕೇಳಿದರೆ ತರಬೇತಿ ಏರ್ಪಡಿಸಬಹುದು.

ನಾಲ್ಕು, "ಗಾಂಜಾಗಿರಾಕಿ", "ಚಟಗಾರ" ಅನ್ನುವ ಪದಗಳನ್ನು ಒಂದು ವಾರ ಬಾಯಿಂದ ಬಿಟ್ಟುನೋಡಿ. ಆ ವಾರದಲ್ಲಿ ಯಾರಾದರೂ ನಿಮ್ಮ ಹತ್ತಿರ ಬಂದು ಏನಾದರೂ ಹೇಳಿಕೊಳ್ಳಬಹುದು.

ಕೊನೆಗೆ ಆಯಿಯ ವಿಷಯ. ಅವರು ಮಾತಿಗೆ ತಪ್ಪಲಿಲ್ಲ, ಒಂದು ದಿನ ತಡವಾಯಿತು ಅಷ್ಟೇ. ಗೆಳೆಯ ಆಸ್ಪತ್ರೆಯಿಂದ ಬಂದ ಸಂಜೆ ನಮ್ಮನ್ನೆಲ್ಲ ಕೆಳಗೆ ಕರೆದು, ಪಡಸಾಲೆಯಲ್ಲಿ ಸಾಲಾಗಿ ಕುಂಡ್ರಿಸಿ, ಅವನಿಗೆ ಗಂಜಿ ಕೊಟ್ಟು, ನಮಗೆ ಚಹಾ ಕೊಟ್ಟು, ಆಮೇಲೆ ಅರ್ಧ ತಾಸು ಬೈದರು. ಗುಳಿಗೆ ತಗೊಂಡದ್ದಕ್ಕೆ ಅವನಿಗೆ ಬಿದ್ದದ್ದಕ್ಕಿಂತ, ತಡಮಾಡಿದ್ದಕ್ಕೆ ನಮಗೆ ಬಿದ್ದದ್ದೇ ಹೆಚ್ಚು. ಬೈಸಿಕೊಳ್ಳಲು ನಾಲ್ವರೂ ಇದ್ದೆವು.